ಊರು ಕೇಳದೆ ಬರೆದ ಜಾತಕ

ನನಗೆ ಕನ್ನಡ ಬರೆಯಲು ಕಲಿಸಿದವರ ಕುರಿತೇ ಬರೆಯುತ್ತಿದ್ದೇನೆ. ಭಾಷೆಯಲ್ಲಿ ಲೋಪಗಳಿದ್ದರೆ ಅವು ನನ್ನವು, ದಯವಿಟ್ಟು ಮನ್ನಿಸಿ. ಮಾತು ಕಟುವೆನಿಸಿದರೆ ಮಾತ್ರ ಕ್ಷಮೆ ಕೇಳಲಾರೆ.

ಈ ಯುಗಾದಿಯಂದು, ನಾವು ನೆಲೆಸಿರುವ ಪರದೇಶದಲ್ಲಿ, ಸುವಾನಿ ಎಂಬ ಊರಿನ ಕನ್ನಡಿಗರ ಸಭಾಂಗಣದಲ್ಲಿ ಅವರ ಹಳೆಯ ಪಂಚಾಂಗಗಳನ್ನು ಮೇಜಿನ ಮೇಲೆ ಇಟ್ಟಿದ್ದರು, ಬೇಕಾದವರು ಒಯ್ಯಲೆಂದು. ಒಂದನ್ನು ತೆರೆದೆ. ನುಸಿಗುಳಿಗೆ, ಅರಿಶಿನ... ನಮ್ಮ ಶನಿವಾರದ ಕನ್ನಡ ತರಗತಿಯ ವಾಸನೆಯೂ ಇದೇ ಆಗಿತ್ತು.

ನಾವು ಅವರನ್ನು ಮೇಷ್ಟ್ರು ಅಂಕಲ್ ಎನ್ನುತ್ತಿದ್ದೆವು. ಅಕ್ಷರ ಮುಗಿದ ಮೇಲೆ ಅವರು ಚರಿತ್ರೆಗೆ ಇಳಿಯುತ್ತಿದ್ದರು. ಒಮ್ಮೆ ೧೬೦೮ನೆಯ ಇಸವಿಯನ್ನು ಹಿಡಿದರು. ಆ ವರ್ಷ ಇಟಲಿಯಲ್ಲಿ ಗಾಳಿಯ ಒತ್ತಡವನ್ನು ಅಳೆಯಲಿದ್ದ ವಿಜ್ಞಾನಿಯೊಬ್ಬ ಹುಟ್ಟಿದ, ಲಂಡನ್ನಿನಲ್ಲಿ ಮುಂದೆ ಕಣ್ಣು ಕಳೆದುಕೊಂಡೂ ಕಾವ್ಯ ರಚಿಸಿದ ಕವಿಯೊಬ್ಬ. ಆಗ ಎರಡೂ ಕಡೆಯ ಕ್ಯಾಲೆಂಡರ್ ಬೇರೆ ಬೇರೆ; ಕವಿ ಹುಟ್ಟಿದ ದಿನ ಲಂಡನ್ನಿನಲ್ಲಿ ಡಿಸೆಂಬರ್ ಒಂಬತ್ತು, ರೋಮಿನಲ್ಲಿ ಆಗಲೇ ಹತ್ತೊಂಬತ್ತು. ನಮ್ಮಲ್ಲಿ ಕೀಲಕ ಸಂವತ್ಸರ.

"ಹಾಗಾದ್ರೆ ಅವನಿಗೆ ಎರಡು ಬರ್ತ್‌ಡೇ ಕೇಕಾ, ಅಂಕಲ್?" ಎಂದು ನಾನು ಕೇಳಿದ್ದೆ.

"ಕೇಕ್ ಒಂದೇ ಕಣಯ್ಯ. ಊರು ಕೇಳದೆ ತಾರೀಖು ಹೇಳೋನು ದಡ್ಡ, ಅಷ್ಟೇ."

ನನ್ನ ಅಕ್ಕನ ಜಾತಕ ಬರೆದವರೂ ಅವರೇ. ಅವಳು ಹುಟ್ಟಿದ್ದು ಇಲ್ಲೇ ಪಕ್ಕದ ಲಾರೆನ್ಸ್‌ವಿಲ್ಲಿನಲ್ಲಿ, ಸಂಜೆ. ಅಪ್ಪ ಹೋಟೆಲಿನ ಅಡುಗೆಯವರು, ಹೆಚ್ಚು ಓದಿದವರಲ್ಲ. ಜಾತಕವನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟರು. ಅದರಲ್ಲಿ ಮೂಲಾ ನಕ್ಷತ್ರವೆಂದಿತ್ತು.

ಏಪೆಕ್ಸ್ ಊರಿನ ಹುಡುಗನೊಬ್ಬನನ್ನು ಅಕ್ಕ ಮೆಚ್ಚಿದ್ದಳು. ಫೋನಿನಲ್ಲಿ ಅವಳು ನಗುವುದು ನನ್ನ ಕೋಣೆಯವರೆಗೂ ಕೇಳಿಸುತ್ತಿತ್ತು. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗುವುದಿಲ್ಲವೆಂದು ಹುಡುಗನ ಮನೆಯವರು ಹಿಂದೆ ಸರಿದರು. ನಗು ನಿಂತಿತು.

ಆಗ ನಾನು ಕಾಲೇಜಿನಲ್ಲಿದ್ದೆ, ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಜಾತಕವನ್ನು ನೋಡುತ್ತ ಕುಳಿತವನಿಗೆ ಕೇಕಿನ ಮಾತು ನೆನಪಾಯಿತು. ಲಾರೆನ್ಸ್‌ವಿಲ್ಲಿನ ಸಂಜೆಯೆಂದರೆ ಬೆಂಗಳೂರಿನಲ್ಲಿ ಮರುದಿನದ ಬೆಳಗು. ಮೇಷ್ಟ್ರು ಅಂಕಲ್ ಬೆಂಗಳೂರಿನ ಪಂಚಾಂಗದಲ್ಲಿ ಇಲ್ಲಿನ ತಾರೀಖನ್ನೂ ಇಲ್ಲಿನ ಗಂಟೆಯನ್ನೂ ಹಾಗೆಯೇ ನೋಡಿ ಬರೆದಿದ್ದರು. ಅವಳು ನಿಜಕ್ಕೂ ಹುಟ್ಟುವ ಹೊತ್ತಿಗೆ ಅಲ್ಲಿ ಮೂಲಾ ಮುಗಿದು ಪೂರ್ವಾಷಾಢಾ ಬಂದಿತ್ತು.

ಅವರ ಮನೆಗೆ ಹೋಗಿ, ತಪ್ಪಾಗಿದ್ದರೆ ಕ್ಷಮಿಸಬೇಕೆಂದು ಪೀಠಿಕೆ ಹಾಕಿಯೇ ತೋರಿಸಿದೆ. ಅವರು ಬಹಳ ಹೊತ್ತು ಪುಟ ನೋಡಿದರು. ಕನ್ನಡಕ ತೆಗೆದರು.

"ನೀನು ಹೇಳೋದು ಸರಿ ಮರಿ," ಎಂದರು.

ಹಾಗಾದರೆ ಏಪೆಕ್ಸಿಗೆ ಒಂದು ಫೋನ್ ಮಾಡಿ ಎಂದು ಬೇಡಿಕೊಂಡೆ. ಓದುತ್ತಿರುವ ಹುಡುಗನ ಮಾತನ್ನು ಅವರು ನಂಬುವುದಿಲ್ಲ, ನಿಮ್ಮ ಮಾತನ್ನು ನಂಬುತ್ತಾರೆ ಎಂದೆ.

"ಒಂದು ತಪ್ಪು ಅಂತ ಒಪ್ಕೊಂಡ್ರೆ, ನಾನು ಬರೆದದ್ದನ್ನೆಲ್ಲ ಜನ ವಾಪಸ್ ತರ್ತಾರೆ. ಈ ವಯಸ್ಸಲ್ಲಿ ನನಗೆ ಅದು ಬೇಡ. ನಿಮ್ಮಪ್ಪನಿಗಂತೂ ಇದೆಲ್ಲ ಅರ್ಥ ಆಗಲ್ಲ, ಬಿಡು."

ಬಿಡು ಎಂದರು! ತಿಳಿಯದೆ ಮಾಡಿದ ತಪ್ಪನ್ನು ನಾನು ಎಂದೋ ಮನ್ನಿಸುತ್ತಿದ್ದೆ. ಲಂಡನ್ನಿಗೂ ರೋಮಿಗೂ ಲೆಕ್ಕ ಹಾಕಬಲ್ಲವರು ಅಡುಗೆಯವನ ಮಗಳಿಗೆ ಹಾಕಲಿಲ್ಲ, ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಏಪೆಕ್ಸಿಗೆ ನಾನೇ ಫೋನ್ ಮಾಡಿದೆ. ಮೇಷ್ಟ್ರು ಹೇಳಲಿ ನೋಡೋಣ ಎಂದು ಇಟ್ಟುಬಿಟ್ಟರು.

ಸಭಾಂಗಣದಲ್ಲಿ ಪಂಚಾಂಗವನ್ನು ಮುಚ್ಚಿ ಇದ್ದಲ್ಲಿಯೇ ಇಟ್ಟೆ. ಈ ಸಿಟ್ಟನ್ನು ಬರೆಯಲು ಬೇಕಾದ ಒಂದೊಂದು ಅಕ್ಷರವನ್ನೂ ಕೈಹಿಡಿದು ತಿದ್ದಿಸಿದವರು ಅವರು... ಇನ್ನು ಜಗಳವಾಡಲೂ ಅವರಿಲ್ಲ.

ಅಕ್ಕ ಮತ್ತೆ ಮದುವೆಯ ಮಾತಿಗೆ ಒಪ್ಪಲಿಲ್ಲ. ವಾಷಿಂಗ್ಟನ್ನಿನ ಬಳಿ ಕೆಲಸ ಹಿಡಿದಳು, ಹಬ್ಬಕ್ಕೆ ಬರುವುದಿಲ್ಲ. ಅಪ್ಪ ಸುವಾನಿಯ ಹಬ್ಬದಡುಗೆಗೆ ಹೋಗುವುದನ್ನು ನಿಲ್ಲಿಸಿದರು. ಯುಗಾದಿಗೆ ನಮ್ಮ ಮನೆಯಲ್ಲಿ ಬೇವುಬೆಲ್ಲ ಹಂಚುತ್ತೇವೆ. ಪಂಚಾಂಗ ಓದುವುದಿಲ್ಲ.