ಶಿವಯೋಗಪ್ಪನವರ ಹುಲ್ಲು

ಶಿವಯೋಗಪ್ಪನವರು ಬೆಳೆಸಿದ ಹುಲ್ಲನ್ನು ನೋಡಿದವರು ಹೊಗಳದೆ ಇರುತ್ತಿರಲಿಲ್ಲ. ಆದರೆ ಹೊಗಳುವವರು ಸಿಮೆಂಟಿನ ದಾರಿಯ ಮೇಲೆ ನಿಂತೇ ಹೊಗಳಬೇಕಿತ್ತು. ಶಿವಮೊಗ್ಗದ ಹೊಸಮನೆಯಲ್ಲಿರುವ ಆ ಸಣ್ಣ ಪಾರ್ಕಿಗೆ ಅವರು ಮೇಲ್ವಿಚಾರಕರು. ಭದ್ರಾವತಿಯ ಓಲ್ಡ್ ಟೌನ್‌ನಿಂದ ಬೆಳಗಿನ ಬಸ್ಸಿಗೆ ಬಂದು ಗೇಟಿನ ಬೀಗ ತೆಗೆಯುತ್ತಿದ್ದರು. ತೆಗೆದ ಗಳಿಗೆಯಿಂದ ಯಾಕಾದರೂ ತೆಗೆದೆನೋ ಎಂಬ ಮುಖ ಮಾಡಿಕೊಂಡು ಸಂಜೆಯವರೆಗೆ ಅಲ್ಲೇ ಓಡಾಡುತ್ತಿದ್ದರು.

ಅವರ ಪಾರ್ಕಿನಲ್ಲಿ ಎಲ್ಲವೂ ಇತ್ತು, ಯಾವುದನ್ನೂ ಮುಟ್ಟುವಂತಿರಲಿಲ್ಲ. ಬೆಂಚಿನ ಮೇಲೆ ಕೂರಬಹುದು, ಕಡಲೆಕಾಯಿ ತಿನ್ನಬಾರದು. ದಾರಿಯ ಮೇಲೆ ನಡೆಯಬಹುದು, ಓಡಬಾರದು. ಮಕ್ಕಳು ಕಾಲಿನಿಂದ ಒದ್ದು ಒದ್ದು ಉಯ್ಯಾಲೆಯ ಕೆಳಗೆ ಗುಂಡಿ ಮಾಡುತ್ತಾರೆಂದು ಉಯ್ಯಾಲೆಯನ್ನೇ ಮೇಲಕ್ಕೆ ಸುತ್ತಿ ಕಟ್ಟಿಬಿಟ್ಟಿದ್ದರು. ನಿವೃತ್ತ ಮೇಷ್ಟ್ರು ಶಂಕರನಾರಾಯಣ ಬೆಳಿಗ್ಗೆ ಒಂದಷ್ಟು ಜನರನ್ನು ಸೇರಿಸಿಕೊಂಡು ನಗೆಕೂಟ ನಡೆಸುತ್ತಿದ್ದರು. ಅವರಿಗೂ ಕಟ್ಟಳೆ ಬಂತು. "ನಗಿ ಸಾರ್, ನಾನೇನು ಬೇಡ ಅನ್ನಲ್ಲ. ಆದ್ರೆ ಕೈಕಾಲು ಆಡಿಸ್ಬೇಡಿ. ನಗ್ತಾ ನಗ್ತಾ ಕಾಲು ಹುಲ್ಲಿನ ಮೇಲೆ ಹೋಗುತ್ತೆ." ಕೈಕಾಲು ಕಟ್ಟಿಕೊಂಡು ನಗುವುದು ಕಷ್ಟವಾಗಿ ನಗೆಕೂಟ ಬೇರೆ ಬಡಾವಣೆಗೆ ಹೋಯಿತು.

ಹಾಗೆಂದು ಅವರು ಕೆಟ್ಟವರಲ್ಲ. ಅವರು ಬಂದಾಗ ಅಲ್ಲಿದ್ದದ್ದು ಇಟ್ಟಿಗೆ ಚೂರು, ಒಡೆದ ಬಾಟಲಿ, ಹಂದಿಗಳು. ಇನ್ನೊಬ್ಬರಾಗಿದ್ದರೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಇವರು ಮಾತ್ರ ಬಗ್ಗಿ ಗಾಜು ಆಯ್ದರು, ಕೆಮ್ಮಣ್ಣು ತರಿಸಿದರು, ಹುಲ್ಲುಹಾಸಿನ ತುಂಡುಗಳನ್ನು ಮಗುವಿಗೆ ಹೊದಿಕೆ ಹೊದಿಸುವ ಹಾಗೆ ಒಂದೊಂದಾಗಿ ಹಾಸಿದರು. ಅವರಿಗಿದ್ದದ್ದು ಪ್ರೀತಿಯೇ. ಅಷ್ಟು ಪ್ರೀತಿ ಇಲ್ಲದವರು ಊರಿಗೆ ಅಷ್ಟು ಕಾಟ ಕೊಡಲಾರರು.

ಎದುರು ಓಣಿಯ ಹೂವಮ್ಮನದೊಂದೇ ತಂಟೆ ಪ್ರತಿವರ್ಷ ತಪ್ಪುತ್ತಿರಲಿಲ್ಲ. ಪಾರ್ಕಿನ ಆ ಜಾಗ ಬಡಾವಣೆಯಾಗುವ ಮುಂಚೆ ಹೂವಮ್ಮನ ಮಾವನ ಗದ್ದೆ. ಭೂಮಿ ಹುಣ್ಣಿಮೆ ಬಂತೆಂದರೆ ಆಕೆ ಬುಟ್ಟಿಯಲ್ಲಿ ಕಡುಬು, ಸೊಪ್ಪಿನ ಪಲ್ಯ, ಬುತ್ತಿ ಹೊತ್ತು ಗೇಟಿಗೆ ಹಾಜರು. ತೆನೆಗಟ್ಟಿದ ಗದ್ದೆ ಬಸುರಿ ಇದ್ದಂತೆ, ಅವಳಿಗೆ ಬಯಕೆಯ ಊಟ ಬಡಿಸಿ, ಅಲ್ಲೇ ಕೂತು ತಾವೂ ಉಣ್ಣಬೇಕು ಎಂಬುದು ಆ ಕಡೆಯ ರೂಢಿ. ಗದ್ದೆ ಹೋದರೂ ರೂಢಿ ಹೋಗಿರಲಿಲ್ಲ.

"ಇದು ಗದ್ದೆಯಲ್ಲ ಹೂವಮ್ಮ, ಪಾರ್ಕು. ಅನ್ನ ಚೆಲ್ಲಿದ್ರೆ ಇಲಿ ಬರುತ್ತೆ."

"ಇಲಿಗೂ ಒಂದು ಎಡೆ ಇಡ್ತೀವಿ ಸಾರ್ ನಾವು. ಅದೂ ಭೂಮ್ತಾಯಿ ಮಗಾನೇ ಅಲ್ವಾ?"

ಈ ಮಾತು ಕೇಳಿದ ಮೇಲಂತೂ ಗೇಟು ಇನ್ನೂ ಬಿಗಿಯಾಯಿತು. ಹೂವಮ್ಮ ಎಡೆಯನ್ನು ಗೇಟಿನ ಹೊರಗೆ ಮೋರಿಯ ಪಕ್ಕ ಇಟ್ಟು, ಕೈಮುಗಿದು ಹೋಗುತ್ತಿದ್ದಳು.

ಹೀಗಿರುವಾಗ ನಗರಪಾಲಿಕೆಯ ಕಚೇರಿಗೆ ಪ್ರಿಯದರ್ಶಿನಿ ಎಂಬ ಹೊಸ ಎಂಜಿನಿಯರ್ ಬಂದರು. ಊರಿನ ಪಾರ್ಕು, ಈಜುಕೊಳ, ಸಮುದಾಯ ಭವನ ಎಲ್ಲ ಅವರ ಕೈಕೆಳಗೆ. ಒಂದು ದಿನ ಬೆಳಿಗ್ಗೆ ಬಂದು ನೋಡಿದರು, ಇನ್ನೊಂದು ದಿನ ಸಂಜೆ ಬಂದು ನೋಡಿದರು. ಎರಡು ಸಲವೂ ಪಾರ್ಕಿನಲ್ಲಿ ಶಿವಯೋಗಪ್ಪನವರೊಬ್ಬರೇ ಇದ್ದರು.

"ತುಂಬಾ ಚೆನ್ನಾಗಿಟ್ಟಿದ್ದೀರಿ. ಆದ್ರೆ ಜನ ಎಲ್ಲಿ?"

"ಜನ ಬರಲ್ಲ ಮೇಡಂ, ಅದಕ್ಕೇ ಚೆನ್ನಾಗಿದೆ," ಎಂದರು ಶಿವಯೋಗಪ್ಪ. ಇಷ್ಟು ವರ್ಷದ ಸೇವೆಯಲ್ಲಿ ಅಷ್ಟು ಹೆಮ್ಮೆಯಿಂದ ಅವರು ಯಾವ ಮಾತನ್ನೂ ಆಡಿರಲಿಲ್ಲ.

ಪ್ರಿಯದರ್ಶಿನಿ ತಲೆಯಾಡಿಸಿದರು. "ಒಳ್ಳೇದಾಯ್ತು ಬಿಡಿ. ಈ ಕಡೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಅಂತ ದಿನಾ ಗಲಾಟೆ. ಯಾರೂ ಬಳಸದ ಜಾಗ ಯಾವುದಿದೆ ಅಂತ ಹುಡುಕ್ತಾ ಇದ್ವಿ. ಇದಕ್ಕೆ ಕಾಂಕ್ರೀಟ್ ಹಾಕ್ಸಿದ್ರೆ ಒಂದಷ್ಟು ಕಾರು ಹಿಡಿಯುತ್ತೆ."

ಶಿವಯೋಗಪ್ಪನವರಿಗೆ ನಿಂತ ನೆಲ ಕುಸಿದಂತಾಯಿತು. ಅವರು ಕುಸಿಯುವಾಗಲೂ ಸಿಮೆಂಟಿನ ಮೇಲೇ ಕುಸಿದರು ಎಂಬುದನ್ನು ಇಲ್ಲಿ ಹೇಳಬೇಕು. ಬೇಡಿಕೊಂಡರು, ಜನ ಬರುತ್ತಾರೆ ಎಂದರು, ಮೇಡಂ ಬಂದ ಹೊತ್ತೇ ಸರಿಯಿರಲಿಲ್ಲ ಎಂದರು. ಕೊನೆಗೆ ಪ್ರಿಯದರ್ಶಿನಿ ಒಂದು ಅವಕಾಶ ಕೊಟ್ಟರು. "ಈ ಹುಣ್ಣಿಮೆ ದಿನ ವಾಲ್ಮೀಕಿ ಜಯಂತಿ ಇದೆಯಲ್ಲ, ಆ ಕಾರ್ಯಕ್ರಮ ಮುಗಿಸ್ಕೊಂಡು ಬರ್ತೀನಿ. ಜನ ಇದ್ರೆ ಪಾರ್ಕು. ಇಲ್ದಿದ್ರೆ ಕಾಂಕ್ರೀಟು."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಶಿವಯೋಗಪ್ಪನವರ ಉಣ್ಣುವ ಕಾಲ ಬಂತು. ಓಡಿಸಿದ ಜನರನ್ನು ಕರೆತರಲು ಬೀದಿ ಬೀದಿ ಅಲೆದರು. ದೂರದಲ್ಲಿ ಅವರನ್ನು ಕಂಡ ಮಕ್ಕಳು ಏನೂ ತಪ್ಪು ಮಾಡದಿದ್ದರೂ ಸಂದಿಗೆ ನುಗ್ಗಿದರು. ಶಂಕರನಾರಾಯಣ ಮೇಷ್ಟ್ರು ಮನೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. "ನಾವು ಈಗ ಬೇರೆ ಕಡೆ ನಗ್ತಾ ಇದ್ದೀವಿ ಶಿವಯೋಗಪ್ಪನೋರೇ. ಅಲ್ಲಿ ಬಿದ್ದು ಬಿದ್ದು ನಗ್ಬಹುದು."

ಉಳಿದದ್ದು ಹೂವಮ್ಮನ ಮನೆ. ಆಕೆ ಜಗಲಿಯಲ್ಲಿ ಭೂಮಿ ಹುಣ್ಣಿಮೆಗೆಂದು ಸೊಪ್ಪು ಸೋಸುತ್ತಿದ್ದಳು. ಇವರು ಮೆಟ್ಟಿಲಿನ ಮೇಲೆ ಕೂತು ಎಲ್ಲವನ್ನೂ ಹೇಳಿಕೊಂಡರು.

"ಅಲ್ಲ ಸಾರ್, ಬಸ್ರಿಗೆ ಊಟ ಹಾಕ್ತೀನಿ ಅಂದ್ರೆ ಇಷ್ಟು ವರ್ಷ ಬಾಗ್ಲು ಹಾಕಿದ್ರಲ್ಲ. ಈಗ ನೀವೇ ಕರೆಯೋಕೆ ಬಂದ್ರಾ?"

"ತಪ್ಪಾಯ್ತು ಹೂವಮ್ಮ."

"ಒಂದು ಎಡೆ ಇಟ್ಟು ಹೋದ್ರೆ ಸಾಕಾ?"

"ಸಾಲ್ದು. ಓಣಿಯೋರನ್ನೆಲ್ಲ ಕರ್ಕೊಂಡು ಬನ್ನಿ. ಹುಲ್ಲಿನ ಮೇಲೇ ಕೂತು ಊಟ ಮಾಡಿ," ಎಂದರು ಶಿವಯೋಗಪ್ಪ. ಕೊನೆಯ ಮಾತು ಹೇಳುವಾಗ ಅವರ ದನಿ ನಡುಗಿತು. ಹೂವಮ್ಮನಿಗೆ ನಗು ಬಂತು, ಹಿಂದೆಯೇ ಅಯ್ಯೋ ಪಾಪ ಅನ್ನಿಸಿತು. ಬರ್ತೀವಿ ಹೋಗಿ ಎಂದಳು.

ಹೇಳಿದಂತೆಯೇ ಬಂದರು. ಹುಣ್ಣಿಮೆಯ ದಿನ ಹೆಂಗಸರು ಬುಟ್ಟಿ ಹೊತ್ತು, ಗಂಡಸರು ಬಾಳೆಲೆ, ನೀರಿನ ಕೊಡ ಹಿಡಿದು ಗೇಟಿನೊಳಗೆ ಬಂದರು. ಬಂದವರು ಸಿಮೆಂಟಿನ ದಾರಿಯ ಅಂಚಿನಲ್ಲಿ ಸಾಲಾಗಿ ನಿಂತುಬಿಟ್ಟರು. ಒಬ್ಬರೂ ಮುಂದೆ ಹೆಜ್ಜೆ ಇಡಲಿಲ್ಲ. ಮದುವೆಮನೆಯಲ್ಲಿ ಪಂಕ್ತಿಗೆ ಕಾಯುವವರ ಹಾಗೆ ಹುಲ್ಲನ್ನೇ ನೋಡುತ್ತ ನಿಂತರು.

"ಬನ್ನಿ, ಕೂತ್ಕೊಳ್ಳಿ," ಎಂದು ಶಿವಯೋಗಪ್ಪ ಕೈ ಬೀಸಿ ಕರೆದರು.

"ಬೇಡ ಸಾರ್, ಇಲ್ಲೇ ನಿಂತ್ಕೊಂಡೇ ತಿಂತೀವಿ," ಎಂದ ಹೂವಮ್ಮನ ಮಗ ಮನೋಹರ. "ಕಾಲಿಟ್ಮೇಲೆ ದಂಡ ಅಂತೀರಿ. ನಿಮ್ಮನ್ನ ನಾವು ಇವತ್ತು ನೋಡ್ತಿದ್ದೀವಾ?"

ಶಿವಯೋಗಪ್ಪ ಆಣೆ ಇಟ್ಟರು. ಆಣೆ ಕೇಳಿ ಜನ ಇನ್ನಷ್ಟು ಹಿಂದೆ ಸರಿದರು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಪ್ರಿಯದರ್ಶಿನಿಯವರ ಜೀಪು ಕಾಣಿಸಿತು. ಶಿವಯೋಗಪ್ಪ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟರು.

ತಣ್ಣಗಿತ್ತು. ನೀರು ಹಾಯಿಸುವಾಗಲೂ ಕಳೆ ಕೀಳುವಾಗಲೂ ಅಂಚಿನ ಕಲ್ಲಿನ ಮೇಲೆ, ಇಲ್ಲವೇ ಹಲಗೆ ಹಾಕಿಕೊಂಡು ಕೂರುತ್ತಿದ್ದ ಅವರಿಗೆ, ತಾವು ಬೆಳೆಸಿದ ಹುಲ್ಲು ಕಾಲಿಗೆ ಹೇಗಿರುತ್ತದೆಂಬುದೇ ಗೊತ್ತಿರಲಿಲ್ಲ. ನಡುವಿನವರೆಗೂ ನಡೆದುಹೋಗಿ ಚಕ್ಕಳಮಕ್ಕಳ ಹಾಕಿ ಕೂತರು. ಪ್ಯಾಂಟು ಒದ್ದೆಯಾಯಿತು. "ಬಡಿಸಿ," ಎಂದರು.

ಮೊದಲು ಮಕ್ಕಳು ನುಗ್ಗಿದರು. ಆಮೇಲೆ ತಡೆಯುವವರು ಯಾರು? ಹೂವಮ್ಮ ಹುಲ್ಲಿಗೇ ಅರಿಸಿನ ಕುಂಕುಮ ಏರಿಸಿದಳು. ಈಗ ಈ ಗದ್ದೆಯ ಬೆಳೆ ಅದೇ ಆಗಿತ್ತಲ್ಲ. ಭೂಮಿಗೆ ಎಡೆ ಹೂಳಲು ಕುಡುಗೋಲು ತೆಗೆದು, ಇಡೀ ಪಾರ್ಕಿನಲ್ಲಿ ಹುಲ್ಲು ಎಲ್ಲಿ ದಟ್ಟವಾಗಿತ್ತೋ ಸರಿಯಾಗಿ ಅಲ್ಲೇ ಅಗೆದಳು. ಮೂಲೆಯಲ್ಲಿ ಅಗೆಯಬಾರದೇ ಎಂಬ ಮಾತು ಶಿವಯೋಗಪ್ಪನವರ ಬಾಯಿವರೆಗೆ ಬಂತು. ಅದನ್ನು ಕಡುಬಿನ ಜೊತೆ ನುಂಗಿದರು. ಕಡುಬು ಚೆನ್ನಾಗಿತ್ತು. ಹಾಗನ್ನಿಸಿದ್ದಕ್ಕೆ ಅವರಿಗೇ ನಾಚಿಕೆಯಾಯಿತು.

ಪ್ರಿಯದರ್ಶಿನಿ ಬಂದು ಸುತ್ತಲೂ ನೋಡಿದರು. "ದಿನಾ ಹಿಂಗೇ ಬರ್ತೀರೇನಮ್ಮಾ?"

"ಎಲ್ಲಿ ಬರ್ತೀವಿ ಮೇಡಂ, ಈ ಸಾರ್ ಒಳಗೆ ಬಿಟ್ರಲ್ವಾ?" ಎಂದಳು ಹೂವಮ್ಮ, ಎಲೆ ಹಾಕುತ್ತ. ಸುಳ್ಳು ಹೇಳಿ ಎಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಇವತ್ತೇ ಮೊದ್ಲು. ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ."

ಪ್ರಿಯದರ್ಶಿನಿ ಕೂತರು, ಉಂಡರು. ಹೊರಡುವಾಗ ಶಿವಯೋಗಪ್ಪನವರನ್ನು ಗೇಟಿನ ಹತ್ತಿರ ಕರೆದರು. ಕಾಂಕ್ರೀಟು ಹಾಕುವುದಿಲ್ಲ, ಗಾಡಿಗಳಿಗೆ ಬೇರೆ ಜಾಗ ನೋಡುತ್ತೇವೆ ಎಂದರು. ಶಿವಯೋಗಪ್ಪ ಕೈಮುಗಿದರು.

"ಆದ್ರೆ ಜನಾನ ದೂರ ಇಟ್ಟೋರು ನೀವೇ ಅಂತ ಆಯ್ತಲ್ಲ. ಇಷ್ಟು ಶಿಸ್ತಿನೋರು ಪಾರ್ಕಿಗೆ ಸರಿಹೋಗಲ್ಲ. ರುದ್ರಭೂಮಿ ನೋಡ್ಕೊಳ್ಳೋಕೆ ಒಬ್ರು ಬೇಕಿತ್ತು. ನಾಳೆಯಿಂದ ಅಲ್ಲಿಗೆ ಹೋಗಿ. ಅಲ್ಲಿ ಮಲಗಿರೋರು ಯಾರೂ ಎದ್ದು ಹುಲ್ಲು ತುಳಿಯಲ್ಲ."

ಭದ್ರಾವತಿಯ ಬಸ್ಸಿನಲ್ಲಿ ಶಿವಯೋಗಪ್ಪನವರಿಗೆ ಅಳು ಬಂತು. ಟಿಕೆಟ್ ಕೇಳಲು ಬಂದ ಕಂಡಕ್ಟರ್ ಸುಮ್ಮನೆ ಮುಂದೆ ಹೋಗಿ ಆಮೇಲೆ ಬಂದ. ಓಲ್ಡ್ ಟೌನ್‌ನ ಮನೆಯಲ್ಲಿ ಹೆಂಡತಿ ಜಯಶೀಲಾ ಬಾಗಿಲಲ್ಲೇ ಕಾಯುತ್ತಿದ್ದರು.

"ಏನಾಯ್ತ್ರೀ? ಪಾರ್ಕು ಉಳೀತಾ?"

"ಉಳೀತು. ನಾನು ಉಳೀಲಿಲ್ಲ," ಎಂದು ನಡೆದದ್ದನ್ನೆಲ್ಲ ಹೇಳಿದರು. ಕಡುಬಿನ ರುಚಿಯನ್ನೂ ಬಿಡದೆ ಹೇಳಿದರು.

ಗಂಡ ಇಷ್ಟು ವರ್ಷ ಹೊಗಳುತ್ತಿದ್ದ ಹುಲ್ಲನ್ನು ಜಯಶೀಲಾ ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ.

"ಹಂಗಾದ್ರೆ ಈ ಭಾನುವಾರ ನನ್ನನ್ನೂ ಕರ್ಕೊಂಡು ಹೋಗಿ," ಎಂದರು. "ಇನ್ನು ಅಲ್ಲಿ ಬೈಯೋರು ಯಾರೂ ಇರಲ್ಲವಲ್ಲ."