ರನ್‌ವೇ ಮುಚ್ಚಿದ ಮೇಲೆ ಬರುವ ಫೋನುಗಳು

ಮಹಾರಾಷ್ಟ್ರದ ಈ ಭಾಗದ ವಿಮಾನ ನಿಲ್ದಾಣಗಳ ಮ್ಯಾನೇಜರುಗಳ ಸಂಘಕ್ಕೆ ನಾನು ಅಧ್ಯಕ್ಷನಾಗಿದ್ದು ಬೇರೆ ಯಾರೂ ಒಪ್ಪದಿದ್ದ ಕಾರಣಕ್ಕೆ. ಹಿಂದಿನವರು ನಿವೃತ್ತರಾಗಿದ್ದರು. ಉಳಿದವರಿಗೆ ವರ್ಗಾವಣೆ ಹತ್ತಿರದಲ್ಲಿತ್ತು. ಮೊದಲು ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರದ ನಿಲ್ದಾಣಕ್ಕೆ ನಾನು ಮ್ಯಾನೇಜರಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಸುದ್ದಿ ಕೇಳಿ ಹೆಂಡತಿ, "ಅಧ್ಯಕ್ಷರಂದ್ರ ಏನ್ ಮಾಡಬೇಕ್ರೀ?" ಎಂದಳು. "ಶಾಲು ಹೊದಿಸೋದು," ಎಂದೆ. ಅದು ತಮಾಷೆಯ ಮಾತಾಗಿರಲಿಲ್ಲ. ಸಂಘ ವರ್ಷಕ್ಕೊಮ್ಮೆ ನಾಸಿಕ್‌ನಲ್ಲೋ ದಿಂಡೋರಿಯ ದ್ರಾಕ್ಷಿ ತೋಟದ ಪಕ್ಕದ ಹೋಟೆಲಿನಲ್ಲೋ ಸೇರುತ್ತಿತ್ತು. ನಿವೃತ್ತರಿಗೆ ಶಾಲು, ಮೇಲಧಿಕಾರಿಯ ಭಾಷಣ, ಊಟ. ಇಷ್ಟೇ.

ಸಂಘದಲ್ಲಿ ಒಬ್ಬರೇ ಮಹಿಳೆ ಇದ್ದರು. ದಿನಕ್ಕೆ ಒಂದೋ ಎರಡೋ ವಿಮಾನ ಬರುವ ಸಣ್ಣ ನಿಲ್ದಾಣವೊಂದು ಅವರ ಕೈಯಲ್ಲಿತ್ತು. ವಿಜಯಪುರದ ಕಡೆಯಿಂದ ವರ್ಗವಾಗಿ ಬಂದು ನಾಸಿಕ್‌ನಲ್ಲೇ ನೆಲೆಸಿದ ಬ್ಯಾಂಕ್ ನೌಕರರೊಬ್ಬರ ಮಗಳು. ಮೊದಲ ಭೇಟಿಯಲ್ಲಿ ನನ್ನ ಊರು ಕೇಳಿ ತಿಳಿದು, "ಕನ್ನಡ ಎಲ್ಲಾ ಸಮಝ್ತದರಿ ಸರ್. ಮಾತಾಡಾಕ ಹೋದ್ರ ನಡುವ ಮರಾಠಿ ಬರ್ತದ," ಎಂದಿದ್ದರು. ಅಲ್ಲಿಂದ ಮುಂದೆ ನಮ್ಮಿಬ್ಬರ ಮಾತು ಆ ಎರಡೂ ಸೇರಿದ ಭಾಷೆಯಲ್ಲೇ ನಡೆಯಿತು.

ಆ ಚಳಿಗಾಲದ ಒಂದು ಬೆಳಿಗ್ಗೆ ಸರ್ಕಾರದ ದೊಡ್ಡವರೊಬ್ಬರ ವಿಶೇಷ ವಿಮಾನ ಅವರ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಬೆಳಗಿನ ತಪಾಸಣೆಗೆ ಹೋದಾಗ, ವಿಮಾನದ ಚಕ್ರ ಮೊದಲು ನೆಲ ಮುಟ್ಟುವ ಜಾಗದಲ್ಲಿ ಡಾಂಬರು ಎದ್ದು ಕಲ್ಲುಗಳು ಸಡಿಲವಾಗಿದ್ದನ್ನು ಅವರು ಕಂಡರು. ರನ್‌ವೇ ಮುಚ್ಚಿದರು.

ಮೇಲಿನ ಕಚೇರಿಯಿಂದ ನನಗೆ ಫೋನ್ ಬಂತು. "ನೀವು ಅವರ ಸಂಘದ ಅಧ್ಯಕ್ಷರಲ್ಲವೆ, ಸ್ವಲ್ಪ ತಿಳಿಸಿ ಹೇಳಿ," ಎಂದು ಅಧಿಕಾರಿ ಹಿಂದಿಯಲ್ಲಿ, ಮೃದುವಾಗಿಯೇ ಹೇಳಿದರು. ನಾನು ಆಕೆಗೆ ಫೋನ್ ಮಾಡಿದೆ.

"ಕಲ್ಲು ಎಷ್ಟೆಷ್ಟು ದೊಡ್ಡವು ಅದಾವ?"

"ಮುಷ್ಟಿಯಷ್ಟು ಅದಾವ್ರಿ. ಕಾಲಿಲೆ ಒದ್ದ್ರ ಇನ್ನೂ ಏಳಾಕತ್ಯಾವ."

"ಹಂಗಾದ್ರ ಬಂದ್ ಇರ್ಲಿ."

ಅಧಿಕಾರಿಗೂ ಅದನ್ನೇ ಹೇಳಿದೆ. ಅವರು ಫೋನ್ ಇಟ್ಟರು. ವಿಶೇಷ ವಿಮಾನ ನಮ್ಮಲ್ಲಿಗೆ ಬಂದು ಇಳಿಯಿತು. ದೊಡ್ಡವರು ಕಾರಿನಲ್ಲಿ ಹೊರಟರು. ನಾಲ್ಕೈದು ತಾಸಿನ ದಾರಿ. ತಲುಪುವಷ್ಟರಲ್ಲಿ ಹೊತ್ತು ಮೀರಿ ಅವರ ಕಾರ್ಯಕ್ರಮ ರದ್ದಾಯಿತೆಂದು ಸಂಜೆ ತಿಳಿಯಿತು.

ವಾರ ಕಳೆಯುವುದರೊಳಗೆ ಆಕೆಗೆ ವರ್ಗಾವಣೆಯ ಆದೇಶ ಬಂತು. ಈಶಾನ್ಯದ ಗುಡ್ಡಗಾಡಿನ ಒಂದು ನಿಲ್ದಾಣಕ್ಕೆ. ಕಾರಣ, ಆಡಳಿತಾತ್ಮಕ. ಆಕೆಯ ಮಗಳು ನಾಸಿಕ್‌ನಲ್ಲಿ ಹತ್ತನೇ ತರಗತಿಯಲ್ಲಿದ್ದಳು. ಪರೀಕ್ಷೆ ಹತ್ತಿರದಲ್ಲಿತ್ತು.

ನಾನು ಸಮಿತಿಯ ಸಭೆ ಕರೆದೆ. ಹೆಚ್ಚಿನವರು ಧುಳೆ, ಮಾಲೇಗಾಂವ್ ಮಾರ್ಗವಾಗಿ ಬರುವವರಾದ್ದರಿಂದ ಚಾಂದವಡ್‌ನ ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಸೇರಿದೆವು. ಹೊರಗೆ ಮಾರುಕಟ್ಟೆಗೆ ಹೊರಟ ಈರುಳ್ಳಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ವಾಸನೆ ಒಳಗಿನವರೆಗೂ ಬರುತ್ತಿತ್ತು. ವರ್ಗಾವಣೆಯನ್ನು ಮರುಪರಿಶೀಲಿಸಬೇಕೆಂಬ ಗೊತ್ತುವಳಿಯನ್ನು ಮುಂದಿಟ್ಟೆ. ಎಲ್ಲರೂ ಚಹಾದ ಕಪ್ಪು ನೋಡುತ್ತ ಕುಳಿತರು. ಕೊನೆಗೆ ನಮ್ಮಲ್ಲಿ ಹಿರಿಯರಾದ, ನಿವೃತ್ತಿಯ ಅಂಚಿನಲ್ಲಿದ್ದ ಮರಾಠಿ ಮ್ಯಾನೇಜರೊಬ್ಬರು ಮಾತಾಡಿದರು.

"ನಾವು ಸಂಘ. ಯೂನಿಯನ್ ಅಲ್ಲ."

ಗೊತ್ತುವಳಿ ಬಿದ್ದುಹೋಯಿತು. ಬಿಲ್ಲು ಯಾರು ಕೊಡಬೇಕೆಂಬ ವಿಷಯದಲ್ಲಿ ಮಾತ್ರ ಎಲ್ಲರೂ ಉತ್ಸಾಹದಿಂದ ಮುಂದೆ ಬಂದರು. ನನಗೆ ಸಿಟ್ಟು ಬರಲಿಲ್ಲ. ಪ್ರತಿಯೊಬ್ಬರಿಗೂ ಮನೆ, ಮಕ್ಕಳ ಶಾಲೆ, ಹೋಗಲು ಮನಸ್ಸಿಲ್ಲದ ಊರುಗಳು ಇದ್ದವು. ನನಗೂ ಇದ್ದವು.

ಮರುದಿನ ಆಕೆಯನ್ನು ನೋಡಲು ನಾಸಿಕ್‌ಗೆ ಹೋದೆ. ಆಕೆ ಆಗಲೇ ಸೂಟ್‌ಕೇಸ್ ತುಂಬುತ್ತಿದ್ದರು. ಹಾಲ್‌ನಲ್ಲಿ ಅವರ ತಂದೆ, ಬಹಳ ದಿನಕ್ಕೆ ಕನ್ನಡದವರೊಬ್ಬರು ಸಿಕ್ಕರೆಂದು, ತಾವು ಕೆಲಸ ಮಾಡಿದ ಬ್ರಾಂಚುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡರು. ಮೊಮ್ಮಗಳಿಗೆ, "ಅಂಕಲ್‌ಗ ನೀರ್ ತಂದ್ಕೊಡವ್ವಾ," ಎಂದರೆ ಅವಳು "ಹೋ, ಆಣತೆ" ಎಂದು ಮರಾಠಿಯಲ್ಲಿ ಉತ್ತರಿಸಿ ನೀರು ತಂದಳು.

ಚಾಂದವಡ್‌ನಲ್ಲಿ ಆದದ್ದನ್ನು ಹೇಳಿದೆ. ಆಕೆಗೆ ಆಶ್ಚರ್ಯವಾಗಲಿಲ್ಲ.

"ಠರಾವ್ ಪಾಸ್ ಆಗ್ಲಿಲ್ಲ ಅಂದ್ರ ಛಲೋನ ಆತ್ರಿ ಸರ್. ಆಗಿದ್ರೂ ಆರ್ಡರ್ ಬದಲಾಗ್ತಿರ್ಲಿಲ್ಲ. ನನಗ ತ್ರಾಸ ಆಗಿದ್ದು ಬ್ಯಾರೆ."

"ಏನದು?"

"ಅವತ್ತ ಮುಂಜಾನೆ ಸಾಹೇಬ್ರು ನಿಮಗೊಬ್ರಿಗೇ ಅಲ್ಲ, ಆಜೂಬಾಜೂ ಎಲ್ಲಾರಿಗೂ ಫೋನ್ ಮಾಡಿದ್ರು. 'ನೀವಾಗಿದ್ರ ಏನ್ ಮಾಡ್ತಿದ್ರಿ' ಅಂತ ಕೇಳಿದ್ರು. ನಮ್ಮವ್ರ ಇಬ್ರು, 'ಝಾಡೂ ಹೊಡಸಿ ಇಳಸಬಹುದಿತ್ತು' ಅಂದ್ರಂತ. ಕಲ್ಲು ನೋಡ್ದವ್ರು ಯಾರೂ ಅಲ್ಲ ಅವ್ರು. ಆರ್ಡರ್ ಆಗಿದ್ದು ಆ ಮಾತಿನ ಮ್ಯಾಲ."

ಯಾರು ಆ ಇಬ್ಬರು ಎಂದು ನಾನು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಸೂಟ್‌ಕೇಸಿನ ಜಿಪ್ ಎಳೆಯುತ್ತ, "ನೀವು ಅಧ್ಯಕ್ಷರಿದ್ದೀರಿ. ಒಂದು ಕೆಲಸ ಮಾಡ್ರಿ. ಮುಂದ ಯಾರಾದ್ರೂ ರನ್‌ವೇ ಬಂದ್ ಮಾಡಿದ್ರ ಉಳಿದವ್ರು ಫೋನಿನಾಗ ಏನ್ ಹೇಳಬೇಕು, ಅಷ್ಟು ಮೊದ್ಲ ಠರಸ್ರಿ, ಗಟ್ಟಿ ಮಾಡ್ರಿ. ಕಾಗದದ ಮ್ಯಾಲ ಬ್ಯಾಡ," ಎಂದರು.

ನಂತರದ ಕೆಲವು ಸಂಜೆಗಳಲ್ಲಿ ನಾನು ಸದಸ್ಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಕೇಳಿದ್ದು ಒಂದೇ ಮಾತು. ಬೇರೊಬ್ಬರ ರನ್‌ವೇ ಬಗ್ಗೆ ಯಾರು ಕೇಳಿದರೂ "ಸ್ಥಳದಲ್ಲಿರುವ ಮ್ಯಾನೇಜರ್ ನೋಡಿದ್ದಾರೆ, ಅವರು ಹೇಳಿದ್ದೇ ಸರಿ" ಎನ್ನಬೇಕು, ಅದರ ಮುಂದೆ ಒಂದು ಶಬ್ದ ಬೇಡ. ಸಭೆಯಲ್ಲಿ ಬಾಯಿ ಬಿಡದವರು ಫೋನಿನಲ್ಲಿ ಸಲೀಸಾಗಿ ಒಪ್ಪಿದರು. ಎಲ್ಲರೂ ತಮ್ಮ ರನ್‌ವೇಯನ್ನೇ ನೆನೆಯುತ್ತಿದ್ದರೆಂದು ಕಾಣುತ್ತದೆ. ಸಭೆಯಲ್ಲಿ ಮಾತಾಡಿದ್ದ ಆ ಹಿರಿಯರಿಗೆ ಕೊನೆಗೆ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಅಂದು ಗುಡಿಸಿ ಇಳಿಸಬಹುದಿತ್ತು ಅಂದವರಲ್ಲಿ ನಾನೊಬ್ಬ," ಎಂದರು. "ಸಾಹೇಬರು ಕೇಳಿದರು, ಬಾಯಿಗೆ ಬಂದದ್ದು ಹೇಳಿದೆ. ಇಷ್ಟಾಗುತ್ತದೆ ಅಂದುಕೊಂಡಿರಲಿಲ್ಲ." ಆಮೇಲೆ, "ಆಕೆಗೆ ನಾನೇ ಫೋನ್ ಮಾಡುತ್ತೇನೆ," ಎಂದರು. ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಸಣ್ಣ ನಿಲ್ದಾಣದಲ್ಲಿ ರನ್‌ವೇ ಮೇಲೆ ನೀರು ನಿಂತಿತು. ಅಲ್ಲಿನ ಮ್ಯಾನೇಜರ್ ಕೆಲಸಕ್ಕೆ ಹೊಸಬ. ಮುಚ್ಚಿದ. ಅಂದೂ ಯಾರೋ ದೊಡ್ಡವರು ಬರುವವರಿದ್ದರು. ನನಗೆ ಫೋನ್ ಬಂತು. ಒಪ್ಪಿಕೊಂಡಿದ್ದ ಮಾತನ್ನು ಹೇಳಿದೆ. ಅಧಿಕಾರಿ ಬೇರೆಯವರಿಗೂ ಮಾಡಿದರೆಂದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಹಿರಿಯರಿಗೆ ಅದು ನೌಕರಿಯ ಕೊನೆಯ ತಿಂಗಳು. ಅವರೂ ಅದನ್ನೇ ಹೇಳಿದ್ದರು. ಮತ್ತೆ ಒತ್ತಿ ಕೇಳಿದಾಗ, "ನಾನು ಇಲ್ಲಿ ಕೂತು ಅಲ್ಲಿಯ ನೀರು ಹೇಗೆ ನೋಡಲಿ ಸಾಹೇಬರೇ?" ಎಂದರಂತೆ. ನೀರು ಇಳಿಯಿತು, ರನ್‌ವೇ ತೆರೆಯಿತು, ವಿಮಾನ ತಡವಾಗಿ ಬಂತು. ಆ ಹೊಸಬ ಇನ್ನೂ ಅಲ್ಲೇ ಇದ್ದಾನೆ.

ಸಂಘ ಈಗಲೂ ಶಾಲು ಹೊದಿಸುತ್ತದೆ, ದಿಂಡೋರಿಯಲ್ಲಿ ಊಟ ಮಾಡುತ್ತದೆ. ಹಿರಿಯರಿಗೂ ಅಲ್ಲೇ ಶಾಲು ಹೊದಿಸಿದೆ. ಆಕೆಯ ವರ್ಗಾವಣೆ ರದ್ದಾಗಲಿಲ್ಲ. ಅದನ್ನು ಯಾರೂ ಮತ್ತೆ ಎತ್ತಲಿಲ್ಲ, ನನ್ನನ್ನೂ ಸೇರಿಸಿ.

ಮಳೆಗಾಲದ ಆ ಸಂಗತಿ ತಿಳಿಸಲು ಗುಡ್ಡದ ಮೇಲಿನ ಅವರ ನಿಲ್ದಾಣಕ್ಕೆ ಫೋನ್ ಮಾಡಿದ್ದೆ. "ಹೌದೇನ್ರಿ?" ಎಂದರು. ಆಮೇಲೆ ಆ ನೀರು ಯಾವ ಕಡೆಗೆ ಹರಿದುಹೋಗುತ್ತದೆ, ಚರಂಡಿ ಎಷ್ಟು ಅಗಲ ಇದೆ ಎಂದು ಕೇಳಿದರು. ಅಲ್ಲಿನ ಮ್ಯಾನೇಜರನ್ನೇ ಕೇಳಿ ತಿಳಿಸುತ್ತೇನೆ ಎಂದೆ. ಆಕೆಯ ಮಗಳು ಹತ್ತನೇ ತರಗತಿ ಪಾಸಾಗಿ ನಾಸಿಕ್‌ನಲ್ಲೇ ಕಾಲೇಜು ಸೇರಿದ್ದಳು. ಗುಡ್ಡದ ಮೇಲೆ ಚಳಿ ಹೇಗಿದೆ ಎಂದು ಕೇಳುವಷ್ಟರಲ್ಲಿ, "ಸರ್, ವಿಮಾನ ಬರೋ ಹೊತ್ತಾತು. ಫೋನ್ ಇಡ್ಲಾ?" ಎಂದರು. "ಇಡ್ರಿ," ಎಂದೆ.