ಹೆಬ್ಬಾರ್ ಡಾಕ್ಟರ ಮೂರು ಆಕಾರಗಳು

ಹೆಬ್ಬಾರ್ ಡಾಕ್ಟರ ಕೋಣೆಯ ಕಂಪ್ಯೂಟರ್ ಪರದೆಯನ್ನು ನಾನು ದಿನಕ್ಕೆ ಮೂರು ಸಲ ಒರೆಸಬೇಕಾಗುತ್ತಿತ್ತು. ಹೆಂಗಸರ ಎದೆಯ ಗಂಟಿನ ಚಿತ್ರ ಬಂದರೆ ಸಾಕು, ಅವರು ತೋರುಬೆರಳಿಂದ ಗಾಜಿನ ಮೇಲೇ ಅದರ ಅಂಚು ಸವರುತ್ತ ಒಂದು ಸುತ್ತು ಬರುತ್ತಿದ್ದರು. ಬಾರ್ಕೂರಿನವರು, ಮಾತು ಕಡಿಮೆ. ಕುಂದಾಪುರದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವರ ವರದಿಗಳನ್ನು ಟೈಪ್ ಮಾಡುವುದು ನನ್ನ ಕೆಲಸ.

ಸೇರಿದ ಹೊಸತರಲ್ಲಿ ಯಾರದೋ ಗಂಟನ್ನು ನಿಂಬೆಹಣ್ಣಿನ ಹಾಗಿದೆ ಎಂದಿದ್ದಕ್ಕೆ ಗದರಿದ್ದರು. "ಹಣ್ಣಿನ್ ಲೆಕ್ಕ ಸಂತಿಯಗೆ ಹೇಳ್. ಇಲ್ಲಿ ಮೂರೇ ಆಕಾರ. ದುಂಡು, ಮೊಟ್ಟೆ ಹಾಂಗೆ, ಇಲ್ದಿದ್ರೆ ಅಂಕುಡೊಂಕು. ಅಂಚ್ ನುಣ್ಣಗಿದ್ ಮೊಟ್ಟೆ ಆಕಾರ ಆದ್ರೆ ಕಾದ್ ಕಾಂಬುಕಾತ್ತ್, ಅವಸರ ಇಲ್ಲ. ಅಂಕುಡೊಂಕಾದ್ರೆ ಕ್ಯಾನ್ಸರ್ ಅನುಮಾನ, ಸೂಜಿ ಪರೀಕ್ಷೆ ಮಾಡ್ಕೇ."

ಸಹಿಗೆ ಮೊದಲು ನಾನು ಆಕಾರದ ಪದವನ್ನು ಗಟ್ಟಿಯಾಗಿ ಓದಬೇಕು, ಅವರು ಚಿತ್ರದ ಮೇಲೆ ಇನ್ನೊಮ್ಮೆ ಬೆರಳು ತಿರುಗಿಸಬೇಕು. ಅದು ಅವರ ಕ್ರಮ. ನನಗೋ, ಸುಮ್ಮನೆ ಹೊತ್ತು ಹಾಳು ಅನಿಸುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಕೈಕೊಟ್ಟ ಕರೆಂಟು ಮಧ್ಯಾಹ್ನ ಬಂತು. ಹೊರಗೆ ಜನ ತಾಳ್ಮೆಗೆಟ್ಟಿದ್ದರು. ಮರವಂತೆಯಲ್ಲಿ ಮೀನು ಮಾರುವ ಗುಲಾಬಿಯ ವರದಿಯನ್ನು, ಅವಸರಕ್ಕೆ, ಹಿಂದಿನ ರೋಗಿಯ ವರದಿಯ ಮೇಲೇ ಹೆಸರು ಬದಲಿಸಿ ತಯಾರಿಸಿದೆ. ಓದದೆ ಮುಂದಿಟ್ಟೆ, ಅವರೂ ಸಹಿ ಹಾಕಿಬಿಟ್ಟರು. ಮೊಟ್ಟೆಯಾಕಾರ, ಆರು ತಿಂಗಳು ಬಿಟ್ಟು ನೋಡಬಹುದು ಎಂಬ ಹಳೆಯ ಸಾಲುಗಳು ಹಾಗೇ ಉಳಿದಿದ್ದವು. ಗುಲಾಬಿಯ ಗಂಟು ಅಂಕುಡೊಂಕಿನದು.

ಮರುದಿನ ಚಿತ್ರವನ್ನೂ ವರದಿಯ ಪ್ರತಿಯನ್ನೂ ಜೊತೆಗಿಟ್ಟು ನೋಡಿದ ಡಾಕ್ಟರು ಕುರ್ಚಿಯಿಂದ ಎದ್ದರು. "ಹೋಪ, ಬಾ," ಎಂದರು. ಕಾರು ಮರವಂತೆ ಮುಟ್ಟುವ ತನಕ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಗುಲಾಬಿ ರಸ್ತೆ ಬದಿಯಲ್ಲಿ ಬಂಗುಡೆ ಮಾರುತ್ತಿದ್ದಳು. "ಎಂತ ಡಾಕ್ಟ್ರೇ, ಆರ್ ತಿಂಗ್ಳ್ ಬಿಟ್ ಬನ್ನಿ ಅಂದ್ರಲೆ?" ಎಂದಳು.

"ನಿನ್ನೆ ಬರ್ದದ್ದ್ ತಪ್ಪ್. ನಂದೇ ತಪ್ಪ್. ನೀನ್ ಈಗ್ಲೇ ಬರ್ಕ್."

ಗಿರಾಕಿಗಳೆಲ್ಲ ಕೇಳಿಸಿಕೊಂಡರು. ನಾನು ಕಾರಿನ ಪಕ್ಕ ನೆಲ ನೋಡುತ್ತ ನಿಂತಿದ್ದೆ. ನಾಚಿಕೆಗಿಂತ, ಕೆಲಸ ಉಳಿಯಿತಲ್ಲ ಎಂಬ ಸಮಾಧಾನವೇ ಆಗ ನನಗೆ ಹೆಚ್ಚಾಗಿತ್ತು.

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಬೇಗ ಚಿಕಿತ್ಸೆ ಸಿಕ್ಕಿ ಗುಲಾಬಿ ಉಳಿದಳು. ಆ ದಿನದಿಂದ ಆಕಾರವನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಅವರು ಆ ವಿಷಯ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಳೆದ ವರ್ಷ ಡಾಕ್ಟರು ತೀರಿಕೊಂಡರು. ಬಾರ್ಕೂರಿನ ಅವರ ಮನೆಯಂಗಳಕ್ಕೆ ಗುಲಾಬಿಯೂ ಬಂದಿದ್ದಳು. ಅವಳನ್ನು ಕಂಡು ತಡೆಯಲಾಗದೆ ಹೇಳಿದೆ, ಆ ತಪ್ಪು ಅವರದಲ್ಲ, ನನ್ನದು ಎಂದು.



"ಅವ್ರ ಹತ್ರ ಹೇಳಿದ್ರ್ಯಾ?" ಎಂದು ಕೇಳಿದಳು.

ಹೇಳಿರಲಿಲ್ಲ.